ಎರಡು ಡಬ್ಬಿ ಮೆಂತ್ಯೆ ಹೊತ್ತು ಚಿಂಚೋಳಿವರೆಗೆ

ವಾಡಿ ಸ್ಟೇಷನ್ನಿನಲ್ಲಿ ಕಲಬುರಗಿ ಕಡೆಯ ಪ್ಯಾಸೆಂಜರ್ ಗಾಡಿ ಹತ್ತಿ ಕುಳಿತಾಗ ನನ್ನ ಎರಡೂ ತೊಡೆಗಳ ಮೇಲೆ ಒಂದೊಂದು ಹಳೆಯ ಬಣ್ಣದ ಡಬ್ಬಿ ಇತ್ತು. ಎರಡರಲ್ಲೂ ಮೆಂತ್ಯೆ. ಒಂದರಲ್ಲಿ ಗೇಣುದ್ದ ಬೆಳೆದು ಹಚ್ಚಗೆ ನಿಂತಿತ್ತು, ಇನ್ನೊಂದರಲ್ಲಿ ಎರಡು ಬೆರಳಿನ ಎತ್ತರಕ್ಕೇ ಹಳದಿ ತಿರುಗಿ ಮುದುಡಿತ್ತು. ಮೂವತ್ತು ವರ್ಷ ಇದೇ ಸ್ಟೇಷನ್ನಿನಿಂದ ಗೂಡ್ಸ್ ಗಾಡಿಗಳ ಗಾರ್ಡ್ ಆಗಿ ಓಡಾಡಿದವನು ನಾನು. ಪ್ಲಾಟ್‌ಫಾರ್ಮಿನ ಚಹಾದವನಿಗೆ ನನ್ನ ಗುರುತು ಚೆನ್ನಾಗಿದೆ. "ಸಾಹೇಬ್ರ, ಝಂಡಾ ಬಿಟ್ಟು ಪಲ್ಯಾ ಹಿಡಿದೀರಿ" ಎಂದು ನಕ್ಕ. ಇನ್ನೂ ಏಳು ಗಂಟೆಯಾಗಿರಲಿಲ್ಲ. ದಸರಾ ಕಳೆದು ಹತ್ತು ದಿನವಾಗಿತ್ತು, ಗಾಳಿಯಲ್ಲಿ ಸಣ್ಣಗೆ ಚಳಿ ಇತ್ತು. ಟಿಕೆಟ್ಟಿಗೆ ಹತ್ತು ರೂಪಾಯಿ ಕೊಟ್ಟಿದ್ದೆ.

ಈ ಡಬ್ಬಿಗಳ ವಿಷಯ ಹೇಳದೆ ಗಾಡಿ ಮುಂದೆ ಹೋಗುವುದಿಲ್ಲ. ನಿವೃತ್ತಿಯಾದ ವರ್ಷ ನಾನು ಮನೆಯ ಮಾಳಿಗೆಯ ಮೇಲೆ ಐದಾರು ಡಬ್ಬಿಗಳಲ್ಲಿ ಕೊತ್ತಂಬರಿ, ಮೆಂತ್ಯೆ ಬಿತ್ತಿ ನೋಡಿದೆ. ಬಂತು. ಆಮೇಲೆ ಪಾಲಕ, ಬದನೆ, ಹೀರೇಕಾಯಿ ಎಲ್ಲ ಬಂದವು. ಮಾಳಿಗೆ ತುಂಬಿತು, ನನ್ನ ಬಾಯಿಯೂ ತುಂಬಿತು. ಗಲ್ಲಿಯ ಹನ್ನೊಂದು ಮನೆಗಳಿಗೆ ಡಬ್ಬಿ, ಬಕೀಟು, ತೊಳೆದ ಸಿಮೆಂಟ್ ಚೀಲಗಳಲ್ಲಿ ತರಕಾರಿ ಬೆಳೆಯುವುದನ್ನು ಕಲಿಸಿದೆ. ಒಂದು ನೋಟಬುಕ್ಕಿನಲ್ಲಿ ಮಣ್ಣಿನ ಲೆಕ್ಕ ಬರೆದಿಟ್ಟಿದ್ದೆ: ಎರಡು ಪಾಲು ಕಪ್ಪು ಎರೆಮಣ್ಣು, ಒಂದು ಪಾಲು ಕೊಳೆತ ಗೊಬ್ಬರ, ಒಂದು ಪಾಲು ಹೊಳೆಯ ಉಸುಕು. ಆಮೇಲೆ ಉಸುಕು ಸಿಗುವುದು ಕಷ್ಟವಾಯಿತು. ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಕಡೆ ರಾಶಿಗಟ್ಟಲೆ ಬಿದ್ದಿರುವ ಬಿಳಿ ಪುಡಿ ಪುಕ್ಕಟೆ ಸಿಗುತ್ತದೆ ಎಂದು ಗೊತ್ತಾಯಿತು. ನೋಟಬುಕ್ಕಿನಲ್ಲಿ 'ಉಸುಕು' ಎಂಬ ಮಾತಿನ ಮುಂದೆ 'ಅಥವಾ ಕಲ್ಲಿನ ಪುಡಿ' ಎಂದು ಸೇರಿಸಿದೆ. ಯಾರನ್ನೂ ಕೇಳಲಿಲ್ಲ. ನಾನು ಯಾರನ್ನಾದರೂ ಕೇಳುವವರ ಪೈಕಿ ಅಲ್ಲ.

ನಮ್ಮ ಗಲ್ಲಿಯ ತುದಿಯ ಸರಕಾರಿ ಶಾಲೆಯಲ್ಲಿ ಸುಜಾತಾ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮಕ್ಕಳ ಸಾಂಬಾರಿಗೆ ದಿನಾ ಒಂದಿಷ್ಟು ತಾಜಾ ಸೊಪ್ಪು ಹಾಕಬೇಕು ಎಂಬುದು ಅವಳ ಆಸೆ. ಮಳೆ ಶುರುವಾದಾಗ ನನ್ನ ಹತ್ತಿರ ಬಂದಳು. ನಾನು ಗೇಟಿನಲ್ಲಿ ನಿಂತು ಲೆಕ್ಕ ಹೇಳಿದೆ, ಶಹಾಬಾದಿನಿಂದ ಒಂದು ಟ್ರ್ಯಾಕ್ಟರ್ ಪುಡಿಯನ್ನೂ ತರಿಸಿಕೊಟ್ಟೆ. ಶಾಲೆಯ ಗೋಡೆಗುಂಟ ಇಪ್ಪತ್ತೆರಡು ಬಕೀಟು, ಜೊತೆಗೆ ಒಂದು ಹಳೆಯ ಬಣ್ಣದ ಡಬ್ಬಿ ಇಟ್ಟಳು. ಬೀಜ ಮೊಳೆತವು, ಹತ್ತೇ ದಿನಕ್ಕೆ ಹಳದಿಯಾಗಿ ಬಿದ್ದವು. ಮತ್ತೆ ಬಿತ್ತಿದಳು, ಮತ್ತೆ ಅದೇ ಆಯಿತು. ಒಂದು ದಿನ ನಲ್ಲಿಯ ಹತ್ತಿರ ಎಲ್ಲ ಹೆಂಗಸರೂ ಇದ್ದಾಗ ನಾನು ನಗುತ್ತಲೇ ಅಂದುಬಿಟ್ಟೆ: "ನಿನ್ನ ಕೈಗುಣ ಸರಿ ಇಲ್ಲ ಬಿಡವಾ ಸುಜಾತಾ."

ನಮ್ಮ ಕಡೆ ಕೈಗುಣದ ಮಾತನ್ನು ಯಾರೂ ನಗೆಯಾಗಿ ತೆಗೆದುಕೊಳ್ಳುವುದಿಲ್ಲ. ಹೊಸ ಪಾತಿಗೆ, ಹೊಸ ಬಕೀಟಿಗೆ ಮೊದಲ ಬೀಜವನ್ನು ಕೈಗುಣ ಇದ್ದವರಿಂದ ಹಾಕಿಸುವುದು ರೂಢಿ. ಅಂದಿನಿಂದ ಗಲ್ಲಿಯ ಹೆಂಗಸರು ಸುಜಾತಾಳ ಕೈಗೆ ಬೀಜ ಕೊಡುವುದನ್ನು ಬಿಟ್ಟರು. ಕೊನೆಯ ಮನೆಯ ಗಂಗಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಿಡಕ್ಕೆ ಆಗದ ಕೈ ಮಕ್ಕಳ ಅನ್ನಕ್ಕೆ ಹೇಗೆ ಆದೀತು ಎಂದಳಂತೆ. ಆ ಮಾತು ಶಾಲೆಗೆ ಹೋಯಿತು. ಇಬ್ಬರು ತಾಯಂದಿರು ಹೆಡ್‌ಮಾಸ್ತರರ ಮುಂದೆ ನಿಂತು ಅಡುಗೆಯವಳನ್ನು ಬದಲಿಸಿ ಎಂದು ಕೇಳಿದರು. ನಾನು ಹೊರಡುವ ಹಿಂದಿನ ದಿನ ಸುಜಾತಾ ಇಪ್ಪತ್ತೆರಡು ಬಕೀಟುಗಳನ್ನೂ ಆ ಡಬ್ಬಿಯನ್ನೂ ಮಣ್ಣು ಸಮೇತ ತಳ್ಳುಗಾಡಿಯಲ್ಲಿ ಮೂರು ಸಲ ಹೇರಿಕೊಂಡು ಬಂದು ನನ್ನ ಗೇಟಿನ ಮುಂದೆ ಸಾಲಾಗಿ ಇಟ್ಟಳು.

"ಕೈಗುಣ ಇದ್ದವರಿಗಿ ಕೊಡ್ರಿ ಕಾಕಾ. ನನಗ ಅಡಿಗಿ ಕೆಲಸ ಒಂದು ಉಳಿದ್ರ ಸಾಕು" ಎಂದಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

ರಾತ್ರಿಯೆಲ್ಲ ಮನಸ್ಸು ಕುಟುಕಿತು. ಆದರೆ ನನ್ನ ಲೆಕ್ಕ ತಪ್ಪಿರಬಹುದು ಎಂದು ಒಮ್ಮೆಯೂ ಅನಿಸಲಿಲ್ಲ. ಹನ್ನೊಂದು ಮನೆಗಳಲ್ಲಿ ಬೆಳೆದದ್ದು ಒಂದು ಕಡೆ ಬೆಳೆಯದಿದ್ದರೆ ತಪ್ಪು ಯಾರದು? ಎಲ್ಲಿಯಾದರೂ ಒಳ್ಳೆಯ ಕೈಯವರು ಎಬ್ಬಿಸಿದ ಸಸಿ ತಂದು ಕೊಟ್ಟರೆ ಅವಳ ಬಕೀಟು ಹಸಿರಾಗುತ್ತದೆ, ಊರ ಬಾಯಿ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ತೋರಿಸುವುದಕ್ಕೆಂದು ಅವಳದೊಂದು, ನನ್ನದೊಂದು ಡಬ್ಬಿ ಜೊತೆಗೆ ತೆಗೆದುಕೊಂಡೆ. ಎರಡಕ್ಕೂ ಒಂದೇ ದಿನ, ಒಂದೇ ಪೊಟ್ಟಣದ ಬೀಜ ಬಿದ್ದಿತ್ತು. ಹಾಗೆಯೇ ಗಲ್ಲಿಯ ಹಳೆಯ ಡಬ್ಬಿಗಳನ್ನು ಹೊಸದಾಗಿ ತುಂಬಲೆಂದು ಮೊದಲು ಶಹಾಬಾದಿನಲ್ಲಿ ಇಳಿದು ಇನ್ನೊಂದು ಟ್ರ್ಯಾಕ್ಟರ್ ಪುಡಿಗೆ ಹೇಳಿಬರುವುದು ಎಂದುಕೊಂಡೆ.

ಶಹಾಬಾದ್ ಬರಲು ಹೆಚ್ಚು ಹೊತ್ತಾಗಲಿಲ್ಲ. ಸ್ಟೇಷನ್ನಿನಿಂದ ಆಟೋ ಹಿಡಿದು ಪಾಲಿಶ್ ಮಷೀನುಗಳಿರುವ ಕಡೆ ಹೋದೆ. ರಸ್ತೆಯ ಎರಡೂ ಬದಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರು. ಅಲ್ಲಿ ಖಾಸಿಂ ಭಾಯಿ ನನಗೆ ಹಳೆಯ ಪರಿಚಯ. ಜೀವನವಿಡೀ ಕಲ್ಲು ಕೊಯ್ಯುವ ಗರಗಸದ ಹತ್ತಿರ ನಿಂತು ಅವನ ಕಿವಿ ಮಂದವಾಗಿದೆ, ಅದಕ್ಕೇ ಮಾತೆಲ್ಲ ದೊಡ್ಡ ದನಿಯಲ್ಲಿ.

"ಮತ್ತೊಂದ್ ಟ್ರ್ಯಾಕ್ಟರ್ ಬೇಕೇನ್ರಿ ಗಾರ್ಡ್ ಸಾಬ್? ಒಯ್ರಿ, ನಮಗೂ ಜಾಗಾ ಖಾಲಿ ಆಗ್ತದ. ಆದ್ರ ಇದನ್ನ ಒಯ್ದು ಏನ್ ಮಾಡ್ತೀರಿ ಅಂತ ನೀವು ಹೇಳೇ ಇಲ್ಲ."

"ಗಿಡಕ್ಕ ಹಾಕ್ತೀನಿ, ಉಸುಕಿನ ಬದಲಿ" ಎಂದೆ.

ಅವನು ಮಷೀನು ಬಂದ್ ಮಾಡಿದ. ಕೈ ಹಿಡಿದು ನನ್ನನ್ನು ಹಿಂಬದಿಗೆ ಕರೆದೊಯ್ದ. ಅಲ್ಲಿ ಒಣಗಿದ ಪುಡಿಯ ಗುಡ್ಡೆ ಆಳೆತ್ತರ ಬಿದ್ದಿತ್ತು. ಗುಡ್ಡೆಯ ಸುತ್ತ ಈ ಸಲದ ಮಳೆಗೆ ಹುಲ್ಲು ಮೊಣಕಾಲುದ್ದ ಎದ್ದಿತ್ತು, ಗುಡ್ಡೆಯ ಮೇಲೆ ಒಂದು ಎಸಳೂ ಇರಲಿಲ್ಲ.

"ಈ ಗುಡ್ಡಿ ಬಿದ್ದು ಭಾಳ ವರ್ಷ ಆತು. ಬೇವಿನ ಬೀಜ ಬೀಳ್ತಾವ, ಬಾರಿ ಹಣ್ಣಿನ ಬೀಜ ಬೀಳ್ತಾವ. ಏನೂ ಏಳಂಗಿಲ್ಲ. ನೀವು ಇದರಾಗ ಮೆಂತ್ಯಾ ಬೆಳಿತೀರಿ?"

"ಬರೇ ಪುಡಿ ಬ್ಯಾರೆ, ಗೊಬ್ಬರ ಕೂಡಿಸಿದ್ದು ಬ್ಯಾರೆ, ಖಾಸಿಂ ಭಾಯಿ. ಇದರ ಹಿಕಮತ್ ನಿನಗ ಗೊತ್ತಿಲ್ಲ."

"ಆತು ಬಿಡ್ರಿ, ನೀವು ಓದಿದವರು" ಎಂದು ಅವನು ಚಹಾ ತರಿಸಿದ. ಚಹಾ ಕುಡಿಯುತ್ತ ನಾನು ಆ ಗುಡ್ಡೆಯ ಕಡೆ ಎರಡು ಸಲ ನೋಡಿದ್ದು ನಿಜ. ಟ್ರ್ಯಾಕ್ಟರಿಗೆ ತಿರುಗಿ ಬರುವಾಗ ಹೇಳುತ್ತೇನೆ ಎಂದು ಎದ್ದೆ. ಯಾಕೆ ಆಗಲೇ ಹೇಳಲಿಲ್ಲ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಶಹಾಬಾದಿನಿಂದ ಚಿತ್ತಾಪುರಕ್ಕೆ ಬಸ್ಸಿನಲ್ಲಿ ಹೋದೆ. ಬಸ್ಸು ನಮ್ಮ ವಾಡಿಯ ಮೇಲೆಯೇ ಹಾದು ಹೋಗುತ್ತದೆ. ಬಸ್ಸಿನ ತುಂಬ ಹೆಂಗಸರು, ಅವರಿಗೆಲ್ಲ ಪುಕ್ಕಟೆ ಟಿಕೆಟ್ಟು. ದುಡ್ಡು ಕೊಟ್ಟು ಕುಳಿತವರು ನಾನೂ ಇನ್ನಿಬ್ಬರು ಮುದುಕರೂ. ಡಬ್ಬಿಗಳನ್ನು ಕಂಡ ಕೂಡಲೇ ಬಸ್ಸೇ ದವಾಖಾನೆಯಾಯಿತು. ಹಳದಿ ಮೆಂತ್ಯೆಗೆ ನೀರು ಹೆಚ್ಚಾಗಿದೆ ಎಂದಳು ಒಬ್ಬಳು, ಕಡಿಮೆಯಾಗಿದೆ ಎಂದಳು ಪಕ್ಕದವಳು. ದೃಷ್ಟಿಯಾಗಿದೆ, ಒಂದು ಹಳೆಯ ಚಪ್ಪಲಿ ಕಟ್ಟಿ ಎಂದಳು ಹಿಂದಿನ ಸೀಟಿನ ಅಜ್ಜಿ. ಮಜ್ಜಿಗೆ ಹಾಕಿ ಎಂದು ಕಂಡಕ್ಟರನೂ ಒಂದು ಕೈ ಸೇರಿಸಿದ. ಯಾರೊಬ್ಬರೂ ಡಬ್ಬಿಯ ಮಣ್ಣನ್ನು ಮುಟ್ಟಿ ನೋಡಲಿಲ್ಲ. ನಾನೂ ನೋಡಿರಲಿಲ್ಲ.

ಚಿತ್ತಾಪುರದಲ್ಲಿ ನನ್ನ ಹೆಂಡತಿಯ ಅಕ್ಕ ಕಮಲಾಬಾಯಿ ಇದ್ದಾಳೆ. ಮಧ್ಯಾಹ್ನದ ಬಿಸಿಲು ಚುರುಗುಟ್ಟುವ ಹೊತ್ತಿಗೆ ಅವಳ ಮನೆ ಸೇರಿದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡೆ ಬಡಿಸಿದಳು. ಪುಂಡಿ ಅವಳ ಬಚ್ಚಲ ನೀರು ಹರಿಯುವ ಮೂಲೆಯಲ್ಲೇ ಬೆಳೆದದ್ದು. ಮನೆಯಲ್ಲಿ ಹೊಸದಾಗಿ ಏನಾದರೂ ಬೆಳೆಯಬೇಕು ಎನ್ನುವವರು ಪುಂಡಿಯಿಂದಲೇ ಶುರು ಮಾಡಬೇಕು. ಅದು ಮುನಿಸಿಕೊಳ್ಳುವ ಗಿಡವಲ್ಲ, ಕೊಯ್ದಷ್ಟೂ ಚಿಗುರುತ್ತದೆ. ಊಟವಾದ ಮೇಲೆ ಕಮಲಾಬಾಯಿ ಎರಡೂ ಡಬ್ಬಿ ನೋಡಿದಳು.

"ಎರಡಕ್ಕೂ ಮಣ್ಣು ಒಂದೇ ಏನ್ರಿ?"

"ಒಂದೇ. ಲೆಕ್ಕ ನಂದೇ" ಎಂದೆ ಠೀವಿಯಿಂದ.

"ಹಂಗಾದ್ರ ಸುಲೇಪೇಟದ ಶರಣಮ್ಮನ ಕಡಿ ಹೋಗ್ರಿ. ಸಂತ್ಯಾಗ ಸಸಿ ಮಾರ್ತಾಳ. ಆಕಿ ಕೈ ಹತ್ತಿದ್ದು ಬಾಡಿದ್ದು ಯಾರೂ ನೋಡಿಲ್ಲ ಅಂತಾರ." ನನಗೆ ಬೇಕಾಗಿದ್ದೂ ಅದೇ. ಆ ರಾತ್ರಿ ಅಲ್ಲೇ ಉಳಿದು ಸುಖವಾಗಿ ನಿದ್ದೆ ಮಾಡಿದೆ.

ಎರಡನೆಯ ದಿನ ಬೆಳಿಗ್ಗೆ ಚಿತ್ತಾಪುರದಿಂದ ಸೇಡಂಗೆ ಪ್ಯಾಸೆಂಜರ್ ಗಾಡಿ. ಈ ಹಳಿಯ ಒಂದೊಂದು ತಿರುವೂ ನನಗೆ ಗೊತ್ತು, ಆದರೆ ಗಾಡಿಯ ಕೊನೆಯ ಗಾರ್ಡಿನ ಡಬ್ಬಿಯಿಂದ ಕಾಣುತ್ತಿದ್ದದ್ದು ಬಿಟ್ಟುಬಂದ ದಾರಿ ಮಾತ್ರ. ಈಗ ಕಿಟಕಿಯ ಬಳಿ ಕುಳಿತು ಮುಂದೆ ಬರುವುದನ್ನು ನೋಡಿದೆ. ಎರಡೂ ಕಡೆ ತೊಗರಿ ಎದೆಯೆತ್ತರ ನಿಂತು ಹಳದಿ ಹೂವು ಬಿಟ್ಟಿತ್ತು. ಮಳಖೇಡ ದಾಟುವಾಗ ದೂರದಲ್ಲಿ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು ಕಂಡವು. ಕಾಗಿಣಾ ಹೊಳೆಯಲ್ಲಿ ನೀರು ಇನ್ನೂ ಚೆನ್ನಾಗಿ ಇತ್ತು, ದಡದಲ್ಲಿ ಉಸುಕು ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಮೊದಲ ವರ್ಷದ ಡಬ್ಬಿಗಳಿಗೆ ಉಸುಕು ಬಂದದ್ದು ಇದೇ ಹೊಳೆಯಿಂದ ಎಂಬುದು ನೆನಪಾಯಿತು, ಅದರಾಚೆ ಏನೂ ಹೊಳೆಯಲಿಲ್ಲ.

ಸೇಡಂ ಬಸ್‌ ನಿಲ್ದಾಣದ ಎದುರು ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಚಹಾ ಕುಡಿದೆ. ಇಲ್ಲಿಂದ ಆಚೆಗೆ ಮಾತಿನಲ್ಲಿ ತೆಲುಗು ಸೇರತೊಡಗುತ್ತದೆ. ಹೋಟೆಲಿನವನು ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿ, ಒಳಗಿನವನಿಗೆ ತೆಲುಗಿನಲ್ಲಿ ಕೂಗಿ ಹೇಳಿ, ದುಡ್ಡನ್ನು ಉರ್ದುವಿನಲ್ಲಿ ಎಣಿಸಿದ. ಚಿಂಚೋಳಿ ಕಡೆಯ ಬಸ್ಸಿನಲ್ಲಿ ಸುಲೇಪೇಟಕ್ಕೆ ಒಂದು ತಾಸು ಹಿಡಿಯಿತು. ಇಳಿದು ಶರಣಮ್ಮನ ಮನೆ ಕೇಳಿದರೆ ಮೊದಲನೆಯವನೇ ಕೈ ತೋರಿಸಿದ.

ಶರಣಮ್ಮನಿಗೆ ಅರವತ್ತರ ಮೇಲಾಗಿರಬೇಕು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಮೊಣಕೈವರೆಗೆ ಮಣ್ಣು. ಗಂಡ ವೀರಣ್ಣ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಬರ್ರಿ, ಕುಂದ್ರಿ, ನೀರು ಕುಡೀರಿ. ಕೆಲಸದ ಮಾತು ಆಮ್ಯಾಲ" ಎಂದರು.

ಅವರ ಹಿತ್ತಲು ಎರಡು ಗುಂಟೆಯೂ ಇರಲಿಕ್ಕಿಲ್ಲ. ಅಷ್ಟರಲ್ಲೇ ಹದಿನೈದು ಇಪ್ಪತ್ತು ಬಗೆ ಇತ್ತು. ಬಚ್ಚಲ ನೀರಿಗೆ ಬಾಳೆ, ಅದರಾಚೆ ಕೆಸುವಿನ ಎಲೆ, ಬೇಲಿಯ ಮೇಲೆ ಅವರೆ ಮತ್ತು ಹೀರೆ, ಹೀರೆಯ ನೆರಳಿನಲ್ಲಿ ಕೊತ್ತಂಬರಿ. ಒಂದು ಕೈ ಅಗಲದ ಪಾತಿಯಲ್ಲಿ ಮೆಂತ್ಯೆ ಕೊಯ್ದು ಮುಗಿಸುವ ಹೊತ್ತಿಗೆ ಪಕ್ಕದ ಪಾತಿಯದು ಮೊಳೆಯಬೇಕು, ಹಾಗೆ ವಾರಕ್ಕೊಂದು ಬಿತ್ತುತ್ತಾರೆ. ಎಲ್ಲವನ್ನೂ ಒಂದೇ ದಿನ ಬಿತ್ತಿ, ಒಂದೇ ದಿನ ತಿನ್ನಲಾಗದೆ ಬೀದಿಗೆ ಹಂಚುವ ನನ್ನಂಥವರಿಗೆ ಅದು ಒಳ್ಳೆಯ ಪಾಠ. ಮೂಲೆಯ ತಿಪ್ಪೆಗೆ ಅಡುಗೆಮನೆಯ ಸಿಪ್ಪೆ, ಉದುರಿದ ಎಲೆ, ಸಗಣಿ ಎಲ್ಲ ಬೀಳುತ್ತದೆ. ನೀರು ಹಾಕುವ ಮೊದಲು ಬೆರಳು ಮಣ್ಣಿಗೆ ಚುಚ್ಚಿ ನೋಡುತ್ತಾರೆ, ಒಳಗೆ ಹಸಿ ಇದ್ದರೆ ಅಂದು ನೀರಿಲ್ಲ. ನಾನು ಗಡಿಯಾರ ನೋಡಿ ನೀರು ಹಾಕುವವನು.

ಡಬ್ಬಿಗಳನ್ನು ಮುಂದಿಟ್ಟು ಸುಜಾತಾಳ ಕಥೆ ಹೇಳಿದೆ. ಕೈಗುಣದ ಮಾತೂ ಹೇಳಿದೆ. ನಿಮ್ಮ ಕೈಯ ಸಸಿ ಕೊಡಿ, ಅವಳ ಮಾನ ಉಳಿಯಲಿ ಎಂದೆ. ಶರಣಮ್ಮ ಕೇಳುತ್ತಲೇ ಹಳದಿ ಮೆಂತ್ಯೆಯ ಡಬ್ಬಿಗೆ ಬೆರಳು ಚುಚ್ಚಿದರು. ಬೆರಳು ಹೋಗಲಿಲ್ಲ. ಕುರುಪಿಯಿಂದ ಕೆದಕಿದರೆ ಮಣ್ಣು ಹೆಂಟೆಯಾಗಿ ಎದ್ದಿತು, ಬೆಳ್ಳಗೆ, ಬೇರು ಹಿಚುಕಿ ಹೋಗಿತ್ತು. ನನ್ನ ಡಬ್ಬಿಯಲ್ಲಿ ಬೆರಳು ಎರಡು ಗೆಣ್ಣು ಸಲೀಸಾಗಿ ಇಳಿಯಿತು.

"ನೀವು ಆಕಿ ಬಕೀಟಿನ್ಯಾಗ ಕೈ ಹಾಕಿ ನೋಡೀರೇನ್ರಿ?" ಎಂದು ಕೇಳಿದರು.

ಒಮ್ಮೆಯೂ ಇಲ್ಲ. ಗಲ್ಲಿಯ ಹನ್ನೊಂದು ಮನೆಗಳ ಅಂಗಳಕ್ಕೆ ಹೋಗಿ, ಕೂತು, ಮಣ್ಣು ಕಲಸಿಕೊಟ್ಟಿದ್ದೆ. ಸುಜಾತಾಳಿಗೆ ಮಾತ್ರ ಗೇಟಿನಲ್ಲಿ ನಿಂತೇ ಹೇಳಿದ್ದೆ. ಯಾಕೆ ಎಂದು ಶರಣಮ್ಮ ಕೇಳಲಿಲ್ಲ. ಅವಳ ಓಣಿ ಯಾವುದು, ನಮ್ಮ ಓಣಿ ಯಾವುದು ಎಂದು ನಾನಾಗಿ ಹೇಳುವ ಧೈರ್ಯವೂ ಆಗಲಿಲ್ಲ. "ಇಲ್ರಿ" ಎಂದೆ.

ಅವರು ಒಳಗೆ ಹೋಗಿ ಒಂದು ನಿಂಬೆಹಣ್ಣು ಹೋಳು ಮಾಡಿ ತಂದರು. "ನಮ್ಮತ್ತಿ ಹೊಲದಾಗ ಸುಣ್ಣದ ಹರಳು ಆರಸ್ತಿದ್ದಳು, ಸುಡಾಕ. ಯಾವುದು ಸುಣ್ಣದ್ದು, ಯಾವುದು ಬರೇ ಕಲ್ಲು ಅಂತ ಹುಳಿ ಹಿಂಡಿ ನೋಡ್ತಿದ್ದಳು. ಅದನ್ನ ನಾ ಮಣ್ಣಿಗಿ ಮಾಡ್ತೀನಿ." ಸುಜಾತಾಳ ಡಬ್ಬಿಯ ಹೆಂಟೆಯ ಮೇಲೆ ಹಿಂಡಿದರು. ಚುರ್ ಎಂದು ನೊರೆ ಎದ್ದಿತು. ನನ್ನ ಡಬ್ಬಿಯ ಮಣ್ಣಿಗೆ ಹಿಂಡಿದರೆ ಒಂದೆರಡು ಗುಳ್ಳೆ ಬಂದು ಸುಮ್ಮನಾಯಿತು.

"ನಮ್ಮ ಎರಿ ಮಣ್ಣಾಗ ಸುಣ್ಣ ಸ್ವಲ್ಪ ಇದ್ದೇ ಇರ್ತದ. ಆದ್ರ ಇದು ಭಾಳ ಆತು. ಇದು ಮಣ್ಣಲ್ರಿ, ಗಚ್ಚು. ಎರಡೂ ಒಂದೇ ಅಂದ್ರಲ್ಲಾ, ನಿಮ್ಮ ಡಬ್ಬಿ ಯಾವಾಗ ತುಂಬಿದ್ದು?"

ಮೊದಲ ವರ್ಷ. ಕಾಗಿಣಾದ ಉಸುಕಿನಿಂದ. ಹನ್ನೊಂದು ಮನೆಗಳ ಡಬ್ಬಿಗಳೂ ಹಾಗೆಯೇ. ನೋಟಬುಕ್ಕಿನಲ್ಲಿ ಆ ಎರಡು ಮಾತು ಸೇರಿಸಿದ ಮೇಲೆ ನನ್ನ ಲೆಕ್ಕ ನಂಬಿ ಹೊಸದಾಗಿ ತುಂಬಿದವಳು ಸುಜಾತಾ ಒಬ್ಬಳೇ. ಖಾಸಿಂ ಭಾಯಿಯ ಬೋಳು ಗುಡ್ಡೆ ಕಣ್ಣಿಗೆ ಕಟ್ಟಿತು. ಕಲ್ಲಿನ ಪುಡಿಯನ್ನು ಬಕೀಟಿಗೆ ಹಾಕಿಸಿದ್ದು ನಾನು, ಅದು ಕೊಂದ ಗಿಡಗಳ ಕೆಟ್ಟ ಹೆಸರು ಅವಳ ಕೈಗೆ ಬಂತು. ನನಗೆ ನಾಚಿಕೆಯಾಯಿತು. ಸಣ್ಣದಾಗಿ ಅಲ್ಲ, ಎದ್ದು ಹೊರಗೆ ಹೋಗಿಬಿಡಬೇಕು ಎನ್ನುವಷ್ಟು. ವೀರಣ್ಣ ಅವರೆಕಾಯಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದರು. ನಾನೂ ಸುಲಿಯುತ್ತ ಕುಳಿತೆ, ಹಾಗಾಗಿ ತಲೆ ಎತ್ತುವ ಪ್ರಸಂಗ ಬರಲಿಲ್ಲ.

"ಮಜ್ಜಿಗಿ ಹಾಕಿದ್ರ ಸರಿ ಹೋಗ್ತದೇನ್ರಿ?" ಎಂದು ಕೊನೆಗೆ ಕೇಳಿದೆ.

"ಇಪ್ಪತ್ತೆರಡು ಬಕೀಟಿಗಿ ಎಷ್ಟು ಎಮ್ಮಿ ಕಟ್ತೀರಿ? ಚೆಲ್ಲಿ ಹೊಸದಾಗಿ ತುಂಬ್ರಿ. ಎರಿ ಮಣ್ಣು ಒಂದು ಪಾಲು ಸಾಕು, ಗೊಬ್ಬರ ಎರಡು, ಉಸುಕು ಒಂದು. ಉಸುಕು ಸಿಗಲಿಲ್ಲಂದ್ರ ಶೇಂಗಾ ಸಿಪ್ಪಿ ಕುಟ್ಟಿ ಹಾಕ್ರಿ, ಮಣ್ಣು ಸಡ್ಲ ಇರ್ತದ. ಬಕೀಟಿನ ಬುಡಕ್ಕ ತೂತು ಅವ ಇಲ್ಲೋ ನೋಡ್ರಿ. ಮೊದಲ ಸೊಪ್ಪು, ಆಮ್ಯಾಲ ಕಾಯಿ." ನಾನು ಬರೆದುಕೊಳ್ಳಲು ನೋಟಬುಕ್ಕು ತೆಗೆದೆ. 'ಅಥವಾ ಕಲ್ಲಿನ ಪುಡಿ' ಎಂಬುದನ್ನು ಮೂರು ಸಲ ಗೀಟು ಎಳೆದು ಹೊಡೆದುಹಾಕಿದೆ.

ಸಸಿ ಮಾತ್ರ ಕೊಡಲಿಲ್ಲ. "ನನ್ನ ಸಸಿ ಎದ್ರ ನನ್ನ ಕೈಗುಣ ಅಂತಾರ. ಆಕಿದು ಏನು ಉಳೀತು?" ಎಂದು ಸೀರೆಯ ಚುಂಗಿನಲ್ಲಿ ಗಂಟು ಹಾಕಿದ್ದ ಮೆಂತ್ಯೆ, ಪಾಲಕ, ರಾಜಗಿರಿ ಬೀಜ ಪೊಟ್ಟಣ ಕಟ್ಟಿಕೊಟ್ಟರು. ಎಷ್ಟು ಕೊಡಲಿ ಎಂದಾಗ ನನ್ನ ಹಚ್ಚನೆಯ ಮೆಂತ್ಯೆಯನ್ನು ಬುಡದವರೆಗೆ ಕೊಯ್ದು ಮೊರಕ್ಕೆ ಹಾಕಿಕೊಂಡರು. ಆ ಸಂಜೆಯ ಪಲ್ಯ ಅದರದೇ. ಅವರ ಮನೆಯಲ್ಲೇ ಉಳಿದೆ.

ಮೂರನೆಯ ದಿನ ವಾಪಸಾಗುವ ಬದಲು ಮೊದಲು ಚಿಂಚೋಳಿಗೆ ಹೋದೆ. ಶರಣಮ್ಮನ ಮಗಳ ಮನೆ ಅಲ್ಲಿದೆ, ಅಲ್ಲಿಯದು ಕೆಂಪು ಮಣ್ಣು, ಅದು ಬಕೀಟಿಗೆ ಒಳ್ಳೆಯದು ಎಂದು ಮಾತಿನ ನಡುವೆ ಬಂದಿತ್ತು. ಮಣ್ಣನ್ನು ಬಸ್ಸಿನಲ್ಲಿ ಹೊರುವ ಮನುಷ್ಯನನ್ನು ನೋಡಿಲ್ಲ ಎಂದು ಅವರು ನಕ್ಕರು. ನನಗೆ ಬರಿಗೈಲಿ ಹೋಗಲು ಮನಸ್ಸಿರಲಿಲ್ಲ. ಸುಲೇಪೇಟ ಬಿಟ್ಟು ಸ್ವಲ್ಪ ದೂರ ಹೋದರೆ ಕರಿ ನೆಲ ಮುಗಿದು ಕೆಂಪು ದಿಬ್ಬಗಳು, ಕುರುಚಲು ಗಿಡಗಳು ಶುರುವಾಗುತ್ತವೆ. ಬೆಳಗಿನ ಮಂಜು ಇನ್ನೂ ಆರಿರಲಿಲ್ಲ. ಶರಣಮ್ಮನ ಮಗಳು, ಹೆಸರು ನೀಲಮ್ಮ, ಸಲಿಕೆ ನನ್ನ ಕೈಗೆ ಕೊಟ್ಟು, "ನೀವೇ ಅಗೀರಿ, ಅವ್ವ ಫೋನ್ ಮಾಡಿ ಹೇಳ್ಯಾಳ" ಎಂದಳು. ತಾಯಿ ಏನೇನು ಹೇಳಿದ್ದಾಳೆ ಎಂದು ಅವಳ ನಗು ನೋಡಿದರೇ ಗೊತ್ತಾಗುತ್ತಿತ್ತು. ಅರ್ಧ ಚೀಲ ತುಂಬಿದೆ.

ಚಿಂಚೋಳಿ ಬಸ್‌ ನಿಲ್ದಾಣದಲ್ಲಿ ಕಂಡಕ್ಟರ್ ಚೀಲ ಒದ್ದು ನೋಡಿದ. "ಏನದ ಇದರಾಗ?"

"ಮಣ್ಣು."

"ಮಣ್ಣಿಗೂ ಲಗೇಜ್ ಟಿಕೀಟ್ ತಗಸ್ತೀನ್ರಿ ಕಾಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದು ನಿಜಕ್ಕೂ ಹರಿದುಕೊಟ್ಟ. ಮೂವತ್ತು ವರ್ಷ ಗೂಡ್ಸ್ ಗಾಡಿಯಲ್ಲಿ ಸುಣ್ಣದ ಕಲ್ಲು, ಸಿಮೆಂಟು ಸಾಗಿಸಿದವನಿಗೆ ಅರ್ಧ ಚೀಲ ಮಣ್ಣಿಗೆ ಟಿಕೆಟ್ಟು ಕೊಳ್ಳುವ ಯೋಗ ಬಂತು. ಆ ಟಿಕೆಟ್ಟನ್ನು ನೋಟಬುಕ್ಕಿನಲ್ಲಿ ಅಂಟಿಸಿದ್ದೇನೆ. ಸೇಡಂನಲ್ಲಿ ಇಳಿದು ಶೇಂಗಾ ಸಿಪ್ಪೆಯ ಒಂದು ಚೀಲ ಕೊಂಡು, ಮಧ್ಯಾಹ್ನದ ಗಾಡಿ ಹಿಡಿದೆ. ದಾರಿಯಲ್ಲಿ ಖಾಸಿಂ ಭಾಯಿಗೆ ಫೋನು ಮಾಡಿ ಟ್ರ್ಯಾಕ್ಟರ್ ಬೇಡ ಎಂದೆ. "ಏನೂ ಏಳಂಗಿಲ್ಲಂತ ನಾ ಅಂದಿದ್ನಲ್ರಿ" ಎಂದು ಅವನು ಕೂಗಿದ್ದು ಗಾಡಿಯ ಇಡೀ ಡಬ್ಬಿಗೆ ಕೇಳಿತು.

ವಾಡಿಯಲ್ಲಿ ಇಳಿದು ಆಟೋದಲ್ಲಿ ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಗೇಟಿನ ಮುಂದೆ ಇಪ್ಪತ್ತೆರಡು ಬಕೀಟುಗಳು ಹಾಗೆಯೇ ಸಾಲಾಗಿ ಇದ್ದವು. ಸುಜಾತಾಳ ಮನೆಗೆ ಹೋಗಿ ಮೆಲ್ಲಗೆ ಹೇಳಿಬಂದರೆ ಹೇಗೆ ಎಂಬ ಯೋಚನೆ ಬಂತು. ಆಡಿದ್ದು ಎಲ್ಲರ ಮುಂದೆ, ಒಪ್ಪಿಕೊಳ್ಳುವುದು ಮೂಲೆಯಲ್ಲಿ ಎಂದರೆ ಅದು ಒಪ್ಪಿಕೊಂಡಂತೆ ಅಲ್ಲ. ಬೆಳಗಾಗಲಿ ಎಂದು ಸುಮ್ಮನಾದೆ.

ಮರುದಿನ ನಲ್ಲಿ ನೀರು ಬಿಡುವ ಹೊತ್ತಿಗೆ ಎರಡೂ ಡಬ್ಬಿ, ಒಂದು ನಿಂಬೆಹಣ್ಣು ಹಿಡಿದು ಹೋದೆ. ಎಲ್ಲರೂ ಕೊಡ ಹಿಡಿದು ಪಾಳಿಯಲ್ಲಿ ನಿಂತಿದ್ದರು. ಗಂಗಮ್ಮ ಮುಂದೆ ಇದ್ದಳು, ಸುಜಾತಾ ಎಲ್ಲರಿಗಿಂತ ಹಿಂದೆ, ಸ್ವಲ್ಪ ಬೇರೆಯಾಗಿ. ಡಬ್ಬಿಗಳನ್ನು ನಲ್ಲಿಯ ಕಟ್ಟೆಯ ಮೇಲಿಟ್ಟೆ.

"ಎಲ್ಲಾರೂ ಇಕಡಿ ನೋಡ್ರಿ. ಸುಜಾತಾನ ಕೈದು ಏನೂ ತಪ್ಪಿಲ್ಲ. ತಪ್ಪು ನಂದು. ಉಸುಕಿನ ಬದಲಿ ಕಲ್ಲಿನ ಪುಡಿ ಹಾಕಂತ ಹೇಳಿದಾವ ನಾನು. ನಿಮ್ಮ ಯಾರ ಡಬ್ಬ್ಯಾಗೂ ಅದು ಇಲ್ಲ, ಆಕಿ ಬಕೀಟಿನ್ಯಾಗ ಅಷ್ಟ ಅದ." ಅವಳ ಡಬ್ಬಿಯ ಹೆಂಟೆಯ ಮೇಲೆ ನಿಂಬೆಹಣ್ಣು ಹಿಂಡಿದೆ. ನೊರೆ ಎದ್ದಿತು. ಹೆಂಗಸರು ಬಗ್ಗಿ ನೋಡಿದರು. ಗಂಗಮ್ಮ ತಾನೇ ಹಣ್ಣು ಇಸಿದುಕೊಂಡು ಇನ್ನೊಂದು ಸಲ ಹಿಂಡಿ ನೋಡಿದಳು. ಮತ್ತೆ ನೊರೆ ಬಂತು. ಹಣ್ಣನ್ನು ಕಟ್ಟೆಯ ಮೇಲಿಟ್ಟು ಕೈಯನ್ನು ಸೀರೆಗೆ ಒರೆಸಿಕೊಂಡಳು. ಹೆಡ್‌ಮಾಸ್ತರರಿಗೂ ಇದನ್ನೇ ತೋರಿಸಿ ಬರುತ್ತೇನೆ ಎಂದೆ. ಅಂದೇ ಹೋಗಿ ತೋರಿಸಿದೆ ಕೂಡ.

ಸುಜಾತಾ ಕೊಡ ಕೆಳಗಿಟ್ಟು ಮುಂದೆ ಬಂದಳು. "ಅಂದಾಗ ಎಲ್ಲಾರ ಮುಂದ ಅಂದಿದ್ರಿ. ಈಗೂ ಎಲ್ಲಾರ ಮುಂದ ಅಂದೀರಿ. ಆತು. ಆದ್ರ ಇಪ್ಪತ್ತೆರಡು ಬಕೀಟು ಯಾರು ಖಾಲಿ ಮಾಡೋರು?"

"ನಾನು."

"ಹಂಗಾದ್ರ ಕುಂದ್ರಿ ಮತ್ತ."

ಎರಡು ದಿನ ಗೇಟಿನ ಮುಂದೆ ನೆಲಕ್ಕೆ ಕುಳಿತು ಒಂದೊಂದೇ ಬಕೀಟು ಕೆದಕಿ ಖಾಲಿ ಮಾಡಿದೆ. ಮಣ್ಣು ಅಷ್ಟು ಗಟ್ಟಿಯಾಗಿತ್ತು ಎಂಬುದು ಕೈ ಹಾಕಿದ ಮೇಲೇ ತಿಳಿದದ್ದು. ಇಂಥ ಮಣ್ಣಿನಲ್ಲಿ ಅವಳು ಎರಡು ಸಲ ಬೀಜ ಮೊಳೆಸಿದ್ದಳು. ಆ ಹೆಂಟೆಗಳು ಗಲ್ಲಿಯ ತಗ್ಗು ಮುಚ್ಚಲು ಚೆನ್ನಾಗಿ ಬಂದವು. ಸುಜಾತಾ ಪಕ್ಕದಲ್ಲಿ ಕುಳಿತು ಹೊಸ ಮಣ್ಣು ಕಲಸಿದಳು, ಕೆಂಪು ಮಣ್ಣನ್ನು ಒಂದೊಂದು ಬಕೀಟಿಗೂ ಒಂದೊಂದು ಬೊಗಸೆ ಲೆಕ್ಕ ಹಾಕಿ ಹಂಚಿದಳು. ಬಿತ್ತುವ ಹೊತ್ತಿಗೆ ಗಂಗಮ್ಮ ತನ್ನ ಮನೆಯಿಂದ ಮಣ್ಣು ತುಂಬಿದ ಒಂದು ಡಬ್ಬಿ ಹಿಡಿದು ಬಂದು ನಿಂತಳು.

"ಸುಜಾತಾ, ನಂದಕ್ಕೂ ಮೊದಲನೇ ಬೀಜ ನೀನೇ ಹಾಕು" ಎಂದ ದನಿ ಸಣ್ಣದಾಗಿತ್ತು.

"ಮಣ್ಣು ನೋಡಿ ಹಾಕ್ತೀನಿ ತಡೀರಿ" ಎಂದು ಸುಜಾತಾ ಮೊದಲು ಆ ಡಬ್ಬಿಗೆ ಬೆರಳು ಚುಚ್ಚಿದಳು. ಆಮೇಲೆ ಬೀಜ ಹಾಕಿದಳು.

ಬಕೀಟುಗಳು ಶಾಲೆಯ ಗೋಡೆಗೆ ವಾಪಸಾದವು. ಅಡುಗೆಯವಳನ್ನು ಬದಲಿಸುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಒಂದು ತಿಂಗಳು ಕಳೆದ ಮೇಲೆ, ಒಂದು ಮಧ್ಯಾಹ್ನ, ಸುಜಾತಾ ಸ್ಟೀಲಿನ ಡಬ್ಬಿಯಲ್ಲಿ ಪಾಲಕ ಹಾಕಿದ ಸಾಂಬಾರು ತಂದು ಗೇಟಿನಲ್ಲಿ ನಿಂತಳು. ಒಳಗೆ ಕರೆದು ಕೂರಿಸಿದೆ. ಬಿಸಿ ಅನ್ನಕ್ಕೆ ಕಲಸಿ ಅವಳ ಎದುರಿಗೇ ಉಂಡೆ. "ಹ್ಯಾಂಗದ ಕಾಕಾ?" ಎಂದು ಕೇಳಿದಳು.

ಉಪ್ಪು ಸ್ವಲ್ಪ ಮುಂದಾಗಿತ್ತು. "ಭಾಳ ಛಲೋ ಅದ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ.